ಮುಟ್ಟಿದರೆ ನಿಲ್ಲುವ ಕಾರು

ಸ್ಯಾನ್ ಡಿಯಾಗೋ
12 ಫೆಬ್ರುವರಿ 2023

ಸಾವಿತ್ರವ್ವನವರಿಗೆ ನಮಸ್ಕಾರ.

ನಾನು ಉಮಾಶಂಕರ, ರಾಜಲಕ್ಷ್ಮಿಯ ಗಂಡ. ಲಕೋಟೆಯ ಮೇಲಿನ ಹೆಸರು ನೋಡಿಯೂ ನೀವು ಇದನ್ನು ಒಡೆದಿದ್ದರೆ ಅರ್ಧ ಕೆಲಸ ಆದ ಹಾಗೆ. ನಮ್ಮ ಮನೆಯ ನಂಬರಿನಿಂದ ಫೋನ್ ಬಂದರೆ ನೀವು ಎತ್ತುವುದಿಲ್ಲ ಎಂದು ಗೊತ್ತು. ಒಂದೂವರೆ ವರ್ಷದಿಂದ ಎತ್ತಿಲ್ಲ. ಯಾಕೆ ಎಂದು ಕೇಳಿದರೆ ರಾಜಿ ಎದ್ದು ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾಳೆ. ಕನ್ನಡದಲ್ಲಿ ಕೈಯಾರೆ ಬರೆದ ಕಾಗದವನ್ನು ಓದದೆ ಕಸಕ್ಕೆ ಹಾಕುವವರು ನೀವಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಕೇಳಬೇಕಾಗಿರುವುದು ಒಂದು ಕಾರಿನ ವಿಷಯ. ಹೋದ ವರ್ಷ ರಾಜಿ ತನ್ನ ಹಳೆಯ ವ್ಯಾನು ಮಾರಿ ಒಂದು ಪುಟ್ಟ ಹೈಬ್ರಿಡ್ ಕಾರು ತೆಗೆದುಕೊಂಡಳು. ಟೊರ್ರಿ ಪೈನ್ಸ್‌ನಲ್ಲಿ ಅವಳ ಲ್ಯಾಬಿನ ಹತ್ತಿರ ಪಾರ್ಕಿಂಗ್ ಸಿಗುವುದಿಲ್ಲ, ಚಿಕ್ಕದಾದರೆ ಎಲ್ಲಾದರೂ ತೂರಿಸಬಹುದು ಎಂದಳು. ನಮ್ಮ ಮನೆಯಲ್ಲಿ ಡ್ರೈವ್ ಮಾಡುವವಳು ಅವಳೇ ಎಂದು ನಿಮಗೆ ಗೊತ್ತಿದೆ. ನಾನು ಪಕ್ಕದಲ್ಲಿ ಕೂತು ಪೇಪರ್ ಓದುವವನು. ನನ್ನ ಹತ್ತಿರವೂ ಲೈಸೆನ್ಸ್ ಇದೆ, ಅದರಲ್ಲಿ ಫೋಟೋ ಚೆನ್ನಾಗಿ ಬಂದಿದೆ, ಅಷ್ಟೇ.

ಈಗ ನಾನೇ ಡ್ರೈವ್ ಮಾಡಬೇಕಾಗಿದೆ. ಹಿಂದೊಮ್ಮೆ ಬಂದು ವಾಸಿಯಾಗಿದ್ದ ರಾಜಿಯ ಕ್ಯಾನ್ಸರ್ ಈಗ ಬೆನ್ನುಮೂಳೆಗೆ ಬಂದಿದೆ. ಚಿಕಿತ್ಸೆಗೆ ದಿನಾ ಆಸ್ಪತ್ರೆಗೆ ಹೋಗಿ ಬರಬೇಕು. ನಿಮಗೆ ಇದು ಬೇರೆ ಯಾರಿಂದಲೋ ತಿಳಿಯುವ ಮೊದಲು ನಾನು ಹೇಳಬೇಕಿತ್ತು, ಇಲ್ಲಿ ಹೇಳಿದ್ದೇನೆ.

ಈ ಕಾರಿನ ಬ್ರೇಕು ವಿಪರೀತ ಸೂಕ್ಷ್ಮ. ಕಾಲು ಮುಟ್ಟಿಸಿದರೆ ಸಾಕು, ಗಕ್ಕನೆ ನಿಲ್ಲುತ್ತದೆ. ಆ ಹಳೆಯ ವ್ಯಾನು ಪೆಡಲ್ ಮೇಲೆ ಎದ್ದು ನಿಂತರೂ ಯೋಚನೆ ಮಾಡಿ ನಿಲ್ಲುತ್ತಿತ್ತು. ಡೀಲರ್ ಹತ್ತಿರ ಒಯ್ದೆ. ಅಲ್ಲಿಯವನು ಒಂದು ಸುತ್ತು ಹೊಡೆದು ಬಂದು, ಏನೂ ಕೆಟ್ಟಿಲ್ಲ, ಈಗಿನ ಕಾರುಗಳೇ ಹೀಗೆ, ಅಭ್ಯಾಸ ಆಗುತ್ತದೆ ಎಂದ. ಅಭ್ಯಾಸ ಆಗುವ ತನಕ ರಾಜಿಯ ಬೆನ್ನು ಕಾಯಬೇಕಲ್ಲ. ಪ್ರತಿ ಸಿಗ್ನಲ್‌ನಲ್ಲೂ ಅವಳು ಮುಂದಕ್ಕೆ ಮುಗ್ಗರಿಸಿ ಹಿಂದಕ್ಕೆ ಬೀಳುತ್ತಾಳೆ. ಬಾಯಿ ಬಿಡುವುದಿಲ್ಲ. ಕಿಟಕಿಯ ಮೇಲಿನ ಹಿಡಿಯನ್ನು ಹಿಡಿದ ಬೆರಳುಗಳು ಬೆಳ್ಳಗಾಗುತ್ತವೆ. ಬೈದಿದ್ದರೆ ನನಗೆ ಎಷ್ಟೋ ವಾಸಿಯಾಗಿತ್ತು.

ನಿಮ್ಮ ಕಡೆಯ ಕನ್ನಡದ ಹೆಂಗಸರಲ್ಲಿ ಅರ್ಧ ಜನ ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ಡ್ರೈವಿಂಗ್ ಕಲಿತವರು. ನಾವು ಚಾಟ್ಸ್‌ವರ್ತ್‌ನಲ್ಲಿ ನಿಮ್ಮ ಪಕ್ಕದ ಮನೆಯಲ್ಲಿದ್ದಾಗ ರಾಜಿಗೂ ನೀವೇ ಕಲಿಸಿದಿರಿ. ನನಗೂ ಹೇಳಿಕೊಡಿ. ಬ್ರೇಕ್ ಹಾಕುವುದನ್ನು ಅಂಚೆಯಲ್ಲಿ ಕಲಿಯಲು ಬರುತ್ತದೋ ಇಲ್ಲವೋ ತಿಳಿಯದು. ಬೇರೆ ಯಾರನ್ನೂ ಕೇಳಲು ಮನಸ್ಸಾಗಲಿಲ್ಲ.

ನಿಮ್ಮ ಉತ್ತರಕ್ಕೆ ಕಾದಿರುವ,
ಉಮಾಶಂಕರ


ಚಾಟ್ಸ್‌ವರ್ತ್
27 ಫೆಬ್ರುವರಿ 2023

ಉಮಾಶಂಕರ ಅವರಿಗೆ,

ಕಾಗದ ಬಂತು. ಸ್ವಲ್ಪ ದಿನ ಫ್ರಿಜ್ಜಿನ ಮೇಲೆ ಇಟ್ಟಿದ್ದೆ. ಬರೀ ಕಾರಿನ ವಿಷಯಕ್ಕೆ ಉತ್ತರ ಕೊಡುತ್ತೇನೆ, ಬೇರೆ ಯಾವುದಕ್ಕೂ ಇಲ್ಲ. ನಾನು ಬರೆದದ್ದನ್ನು ಅವಳಿಗೆ ಓದಿ ಹೇಳಬಾರದು. ಹೇಳಿದಿರಿ ಎಂದು ಗೊತ್ತಾದರೆ ಅದೇ ಕೊನೆ.

ನೀವು ಇಡೀ ಕಾಲು ಎತ್ತಿ ಪೆಡಲ್ ಮೇಲೆ ಹಾಕುತ್ತೀರಿ. ನೋಡದೆ ಹೇಗೆ ಗೊತ್ತಾಯಿತು ಎಂದು ಕೇಳಬೇಡಿ, ಪಕ್ಕದಲ್ಲಿ ಕೂತು ಪೇಪರ್ ಓದುವ ಗಂಡಸರೆಲ್ಲ ಹಂಗ ಮಾಡೋದು. ಹಿಮ್ಮಡಿಯನ್ನು ನೆಲಕ್ಕೆ ಊರಿ. ಅದು ಅಲ್ಲಿಂದ ಏಳಬಾರದು. ಮುಂಗಾಲು ಮಾತ್ರ ಆಡಲಿ. ದಪ್ಪ ಅಟ್ಟೆಯ ವಾಕಿಂಗ್ ಶೂ ಹಾಕಿಕೊಂಡಿರುತ್ತೀರಿ, ಅದನ್ನು ತೆಗೆದು ತೆಳು ಅಟ್ಟೆಯದು ಹಾಕಿ. ದಪ್ಪ ಅಟ್ಟೆಯಲ್ಲಿ ಕಾಲಿಗೆ ಏನೂ ಗೊತ್ತಾಗುವುದಿಲ್ಲ.

ಕಾರು ಇನ್ನೇನು ನಿಂತಿತು ಎನ್ನುವಾಗ ಮುಂಗಾಲನ್ನು ಒಂದು ಚೂರು ಹಿಂದಕ್ಕೆ ತೆಗೆಯಿರಿ. ಬೆನ್ನಿಗೆ ಪೆಟ್ಟು ಬೀಳುವುದು ಆ ಕೊನೆಯ ಜಗ್ಗಾಟದಲ್ಲಿ. ಅದನ್ನು ತಪ್ಪಿಸಿದರೆ ಮುಕ್ಕಾಲು ಪಾಲು ಗೆದ್ದಿರಿ.

ವಾರದ ದಿನ ಯಾವುದಾದರೂ ಚರ್ಚಿನ ಪಾರ್ಕಿಂಗ್ ಲಾಟು ಖಾಲಿ ಇರುತ್ತದೆ. ಅಲ್ಲಿಗೆ ಹೋಗಿ. ಅಗಲ ಬಾಯಿಯ ಪಾತ್ರೆಯಲ್ಲಿ ಮಜ್ಜಿಗೆ ತುಂಬಿ ಪಕ್ಕದ ಸೀಟಿನ ಕೆಳಗೆ ಇಟ್ಟುಕೊಂಡು ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ. ನೀರು ಬೇಡ. ನೀರು ಚೆಲ್ಲಿದರೆ ಒರೆಸಿ ಮರೆತುಬಿಡುತ್ತೀರಿ. ಮಜ್ಜಿಗೆ ಚೆಲ್ಲಿದರೆ ವಾರಗಟ್ಟಲೆ ನಾರುತ್ತದೆ, ಬುದ್ಧಿ ಬರುತ್ತದೆ. ನಾನು ಎಲ್ಲರಿಗೂ ಹಾಗೇ ಕಲಿಸಿದ್ದು.

ನನಗೆ ಈಗ ಡ್ರೈವಿಂಗ್ ಇಲ್ಲ. ಕಣ್ಣು ಮಂಜಾಗಿ ಲೈಸೆನ್ಸ್ ವಾಪಸ್ ಕೊಟ್ಟೆ. ಹತ್ತಿರದ್ದನ್ನು ಭೂತಗನ್ನಡಿ ಹಿಡಿದು ಓದುತ್ತೇನೆ, ದೂರದ್ದು ಆಕಾರ ಮಾತ್ರ ಕಾಣುತ್ತದೆ. ಮಗ ಓಂಪ್ರಕಾಶ ಎಲ್ಲಿಗಾದರೂ ಕರೆದುಕೊಂಡು ಹೋದರೆ ಹೋಗುವುದು, ಇಲ್ಲವಾದರೆ ಇಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಅವಳು ಏನಾದರೂ ತಿನ್ನುತ್ತಾಳೋ ಇಲ್ಲವೋ ಬರೆಯಿರಿ. ಕಾರಿನ ವಿಷಯದ ಜೊತೆಗೆ ಬರೆಯಿರಿ.

ಸಾವಿತ್ರವ್ವ


ಸ್ಯಾನ್ ಡಿಯಾಗೋ
19 ಮಾರ್ಚ್ 2023

ಸಾವಿತ್ರವ್ವನವರಿಗೆ,

ಬುದ್ಧಿ ಬಂತು. ಕಾರೆಲ್ಲ ಹುಳಿ ವಾಸನೆ.

ತರಕಾರಿ ತರುತ್ತೇನೆ ಎಂದು ಹೇಳಿ ಹೊರಟು ಚರ್ಚಿನ ಲಾಟಿಗೆ ಹೋಗುತ್ತೇನೆ. ಮೊದಲ ದಿನ ಅರ್ಧ ಪಾತ್ರೆ ಮ್ಯಾಟಿನ ಮೇಲೆ, ಇನ್ನರ್ಧ ನನ್ನ ಪ್ಯಾಂಟಿನ ಮೇಲೆ. ಚರ್ಚಿನ ತೋಟ ನೋಡಿಕೊಳ್ಳುವಾತ ಹತ್ತಿರ ಬಂದು ಕಿಟಕಿಯಲ್ಲಿ ಬಗ್ಗಿ, ಅದೇನು ಎಂದು ಕೇಳಿದ. ಮೊಸರಿನದು, ಡ್ರೈವಿಂಗ್ ಪ್ರಾಕ್ಟೀಸ್ ಎಂದೆ. ಬಹಳ ಮರ್ಯಾದೆಯಿಂದ ತಲೆಯಾಡಿಸಿ ಹೋದ. ಈಗ ದೂರದಿಂದಲೇ ಕೈ ಬೀಸುತ್ತಾನೆ.

ರಾಜಿ ಸೀಟಿನಲ್ಲಿ ಕೂತ ತಕ್ಷಣ ಮೂಗು ಅರಳಿಸಿದಳು. ಹಾಲಿನ ಕ್ಯಾನು ಸೋರಿತು ಎಂದೆ. ಕಿಟಕಿ ಇಳಿಸಿದಳು. ಆದರೆ ಮೊನ್ನೆ ಆಸ್ಪತ್ರೆಯ ದಾರಿಯಲ್ಲಿ ಒಂದು ಸಿಗ್ನಲ್ ತಟ್ಟನೆ ಕೆಂಪಾಯಿತು. ನೀವು ಹೇಳಿದಂತೆ ಹಿಮ್ಮಡಿ ಊರಿ, ಮುಂಗಾಲಿನಲ್ಲಿ ಒತ್ತಿ, ಕೊನೆಗೆ ಚೂರು ಬಿಟ್ಟೆ. ಕಾರು ನಿಂತದ್ದು ನನಗೇ ತಿಳಿಯಲಿಲ್ಲ. ರಾಜಿ ನನ್ನ ಮುಖ ನೋಡಲಿಲ್ಲ, ಬಗ್ಗಿ ನನ್ನ ಕಾಲು ನೋಡಿದಳು.

“ಮಜ್ಜಿಗೆನಾ?” ಎಂದಳು.

ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ನಿಮಗೆ ಕೊಟ್ಟ ಮಾತು ಮುರಿಯಲಿಲ್ಲ ಎಂದೇ ಇಟ್ಟುಕೊಳ್ಳಿ. ಅವಳು ಆಸ್ಪತ್ರೆ ಬರುವ ತನಕ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಅತ್ತಳೋ ಏನೋ ನನಗೆ ಕಾಣಲಿಲ್ಲ. ಆದರೆ ಮೇಲಿನ ಹಿಡಿಯಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಇಷ್ಟು ದಿನದಲ್ಲಿ ಅದೇ ಮೊದಲು.

ಊಟ ಕೇಳಿದಿರಿ. ಮೊಸರನ್ನ ನಾಲ್ಕು ತುತ್ತು ತಿನ್ನುತ್ತಾಳೆ. ಒಂದೊಂದು ದಿನ ಅದೂ ಇಲ್ಲ.

ನಿಮ್ಮಿಬ್ಬರ ನಡುವೆ ಏನಾಯಿತು ಸಾವಿತ್ರವ್ವ? ಅವಳು ಹೇಳುವುದಿಲ್ಲ. ನನಗೆ ತಿಳಿಯಬೇಕು. ಇನ್ನು ಬಹಳ ಸಮಯ ಇದೆ ಎಂದು ಡಾಕ್ಟರು ಹೇಳುತ್ತಿಲ್ಲ.

ಹುಳಿ ವಾಸನೆಯ ಶಿಷ್ಯ,
ಉಮಾಶಂಕರ


ಚಾಟ್ಸ್‌ವರ್ತ್
9 ಏಪ್ರಿಲ್ 2023

ಉಮಾಶಂಕರ ಅವರಿಗೆ,

ಅವಳು ಹೇಳುವುದಿಲ್ಲ. ಹೇಳಲು ಬಾಯಿ ಎಲ್ಲಿಂದ ಬರಬೇಕು? ನಾನು ಹೇಳುತ್ತೇನೆ.

ನಮ್ಮವರು ಹೋದದ್ದು ನಿಮಗೆ ಗೊತ್ತು, ಕೋವಿಡ್ಡಿನ ಆ ಕೆಟ್ಟ ಜನವರಿಯಲ್ಲಿ. ಆಸ್ಪತ್ರೆಯ ಒಳಗೆ ನನ್ನನ್ನು ಬಿಡಲಿಲ್ಲ. ನರ್ಸು ಐಪ್ಯಾಡಿನಲ್ಲಿ ದಾನಪ್ಪನವರ ಮುಖ ತೋರಿಸಿದಳು, ಅಷ್ಟೇ. ಆಮೇಲೆ ದಿನಾ ಸಂಜೆ ರಾಜಿ ಫೋನ್ ಮಾಡುತ್ತಿದ್ದಳು. ನನಗೆ ಮಾತು ಬರುತ್ತಿರಲಿಲ್ಲ. ಅವಳು ಮಾತಾಡು ಎಂದು ಒತ್ತಾಯ ಮಾಡುತ್ತಿರಲಿಲ್ಲ. ಫೋನನ್ನು ಕಟ್ಟೆಯ ಮೇಲೆ ಇಟ್ಟು ತನ್ನ ಅಡುಗೆ ಮಾಡಿಕೊಳ್ಳುತ್ತಿದ್ದಳು. ಅವಳ ಕುಕ್ಕರಿನ ಸೀಟಿ, ಒಗ್ಗರಣೆಯ ಸಪ್ಪಳ ಕೇಳಿಕೊಂಡೇ ನಾನು ಆ ಚಳಿಗಾಲ ದಾಟಿದೆ. ಇದನ್ನು ನಾನು ಮರೆತಿಲ್ಲ. ಮರೆತಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಅದೇ ವರ್ಷ ಶ್ರಾವಣ ಬಂತು. ವರಮಹಾಲಕ್ಷ್ಮಿ ಹಬ್ಬಕ್ಕೆ ಹಿಂದಿನ ದಿನವೇ ನಿಮ್ಮ ಮನೆಗೆ ಬಂದು ಹೋಳಿಗೆ ಮಾಡುವವಳು ನಾನು. ಎಷ್ಟು ವರ್ಷದಿಂದ ಎಂದು ನಿಮಗೆ ಗೊತ್ತು. ಓಂಪ್ರಕಾಶನಿಗೆ ಕರೆದುಕೊಂಡು ಹೋಗು ಎಂದು ಹೇಳಿ, ಬೆಲ್ಲ ತರಿಸಿ, ಬ್ಯಾಗು ತುಂಬಿಸಿ ಇಟ್ಟಿದ್ದೆ. ಅವಳ ಫೋನ್ ಬರಲಿಲ್ಲ. ಅಡುಗೆ ಜಾಸ್ತಿ ಇರಬೇಕು ಎಂದುಕೊಂಡೆ. ಶುಕ್ರವಾರ ಸಂಜೆ ಟೊರೆನ್ಸ್‌ನ ಕುಮುದಾ ನಮ್ಮ ಹೆಂಗಸರ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಹಾಕಿದಳು. ನಿಮ್ಮ ಮನೆಯಲ್ಲಿ ಎಲ್ಲರೂ ರೇಷ್ಮೆ ಸೀರೆ ಉಟ್ಟು, ಅರಿಶಿನ ಕುಂಕುಮದ ತಟ್ಟೆ ಹಿಡಿದು ನಿಂತಿದ್ದಾರೆ. ನಡುವೆ ರಾಜಿ.

ಗಂಡ ಸತ್ತವಳು ಅರಿಶಿನ ಕುಂಕುಮದ ಮನೆಗೆ ಬರಬಾರದು ಎಂದು ಅವಳು ನಂಬುತ್ತಾಳೆ ಎಂದು ನನಗೆ ಆವತ್ತಿನ ತನಕ ಗೊತ್ತೇ ಇರಲಿಲ್ಲ. ನಮ್ಮಲ್ಲಿ ಗಂಡ ಇದ್ದರೂ ಹೋದರೂ ಹಣೆಗೆ ವಿಭೂತಿ ಹಚ್ಚುತ್ತೇವೆ. ನನಗೆ ಅವಳ ಕುಂಕುಮ ಬೇಕಾಗಿರಲಿಲ್ಲ. ಒಳಗೆ ಒಲೆಯ ಮುಂದೆ ಹೋಳಿಗೆ ತಟ್ಟುತ್ತಾ ಇರುತ್ತಿದ್ದೆ. ಇಲ್ಲವಾದರೆ, ಸಾವಿತ್ರಿ ಈ ಸಲ ಬರಬೇಡ ಎಂದು ಅವಳೇ ಫೋನ್ ಮಾಡಿ ಹೇಳಿದ್ದರೂ ಸಹಿಸಿಕೊಳ್ಳುತ್ತಿದ್ದೆ. ಏನೂ ಹೇಳದೆ ಬಿಟ್ಟಳು. ಮಾರನೆಯ ದಿನ ಫೋನ್ ಮಾಡಿದಳು, ನಾನು ಎತ್ತಲಿಲ್ಲ. ಊಟ ಆಯ್ತಾ ಸಾವಿತ್ರಿ ಎಂದು ಮೆಸೇಜು ಬಿಟ್ಟಿದ್ದಳು. ಅದನ್ನು ಕೇಳಿ ಮೈಯೆಲ್ಲ ಉರಿಯಿತು. ಅವತ್ತಿನಿಂದ ಎತ್ತಿಲ್ಲ.

ನಿಮಗೆ ತಿಳಿಯಬೇಕಿತ್ತಲ್ಲ, ತಿಳಿಯಿತು.

ಮುಂದಿನ ಕಾರಿನಿಂದ ದೂರ ಇರಿ. ದೂರ ಇದ್ದರೆ ಬ್ರೇಕ್ ಒತ್ತುವ ಪ್ರಸಂಗವೇ ಕಡಿಮೆ. ಇಳಿಜಾರಿನಲ್ಲಿ ಪೆಡಲ್ ಮೇಲೆ ಕಾಲು ಬಿಟ್ಟುಕೊಂಡೇ ಇರಬೇಡಿ. ಮೊಸರನ್ನಕ್ಕೆ ಸ್ವಲ್ಪ ಹಾಲು ಬೆರೆಸಿ ಕೊಡಿ, ಹುಳಿ ಇದ್ದರೆ ಅವಳಿಗೆ ಸೇರುವುದಿಲ್ಲ.

ಸಾವಿತ್ರವ್ವ


ಸ್ಯಾನ್ ಡಿಯಾಗೋ
7 ಮೇ 2023

ಸಾವಿತ್ರವ್ವನವರಿಗೆ,

ಮಾತು ಮುರಿದಿದ್ದೇನೆ. ನಿಮ್ಮ ಕಾಗದವನ್ನು ಆಸ್ಪತ್ರೆಯ ಪಾರ್ಕಿಂಗಿನಲ್ಲಿ, ಕಾರಿನಲ್ಲೇ ಕೂತು ಅವಳಿಗೆ ಓದಿದೆ. ಮೊದಲಿನಿಂದ ಕೊನೆಯವರೆಗೆ, ಹಾಲು ಬೆರೆಸುವ ಮಾತನ್ನೂ ಬಿಡದೆ. ಕಣ್ಣು ಮುಚ್ಚಿಕೊಂಡು ಕೇಳಿದಳು. ಕುಕ್ಕರಿನ ಸೀಟಿಯ ಸಾಲು ಬಂದಾಗ, ಇನ್ನೊಂದು ಸಲ ಓದಿ ಎಂದಳು. ಎಲ್ಲ ಮುಗಿದ ಮೇಲೆ ಅವಳು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

“ನಂಗೆ ಹೆದರಿಕೆ ಆಗಿತ್ತು. ದಾನಪ್ಪನವರ ಹಾಗೆ ನೀವೂ ಹೊರಟು ಹೋಗ್ತೀರ ಅಂತ. ಅವಳು ಬಂದ್ರೆ ಅದೂ ನಮ್ಮನೆ ಒಳಗೆ ಬರತ್ತೆ ಅನ್ನಿಸ್ಬಿಡ್ತು. ಹಾಗೇ ಬರೀರಿ, ಚೆಂದ ಮಾಡ್ಬೇಡಿ.”

ಚೆಂದ ಮಾಡಿಲ್ಲ. ದಿನವಿಡೀ ಮೈಕ್ರೋಸ್ಕೋಪಿನ ಮುಂದೆ ಕೂತು ಕೆಲಸ ಮಾಡಿದ ಹೆಂಗಸು ಹೀಗೆ ಯೋಚಿಸಿದಳು ಎಂದರೆ ನನಗೂ ನಂಬಲು ಕಷ್ಟವಾಯಿತು. ಅವಳ ಪರವಾಗಿ ನಾನು ಏನೂ ಹೇಳುವುದಿಲ್ಲ. ನನಗಾಗಿ ಹೆದರಿದಳು, ಬಂದದ್ದು ಅವಳಿಗೆ.

ಚಿಕಿತ್ಸೆ ನಿಲ್ಲಿಸಿದ್ದಾರೆ. ಇನ್ನು ನೋವಿಗೆ ಮಾತ್ರ ಔಷಧ. ಹೋದ ಭಾನುವಾರ ಕುಮುದಾ ಮತ್ತೆ ಕೆಲವರು ನೋಡಲು ಬಂದಿದ್ದರು. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಕುಮುದಾ ಪಕ್ಕದವರಿಗೆ, ಹೇಗೂ ಮುತ್ತೈದೆಯಾಗಿಯೇ ಹೋಗುತ್ತಾಳಲ್ಲ, ಪುಣ್ಯ ಮಾಡಿದ್ದಾಳೆ ಎಂದರು. ಮೆಲ್ಲಗೆ ಹೇಳಿದೆ ಎಂದು ಅವರು ತಿಳಿದಿದ್ದರು. ಒಳಗೆ ಮಲಗಿದ್ದ ರಾಜಿಗೆ ಕೇಳಿಸಿತು. ಬಾಗಿಲು ಹಾಕಿ ಬಂದಾಗ, ಇದನ್ನ ಸಾವಿತ್ರಿ ಎದುರಿಗೆ ಹೇಳ್ಲಿ ನೋಡೋಣ ಎಂದಳು. ನಿಮ್ಮ ಹೆಸರನ್ನು ಅವಳ ಬಾಯಿಂದ ಕೇಳಿ ಬಹಳ ಕಾಲವಾಗಿತ್ತು.

ಅವಳಿಗೆ ನಿಮ್ಮ ಮನೆಗೆ ಬರಬೇಕಂತೆ. ಒಂದೇ ಹಟ. ಬೇರೆ ಏನೂ ಕೇಳುತ್ತಿಲ್ಲ. ಇಲ್ಲಿಂದ ಚಾಟ್ಸ್‌ವರ್ತ್ ತನಕ ಆ ಫ್ರೀವೇಗಳಲ್ಲಿ ಹೆಜ್ಜೆಗೊಂದು ಬ್ರೇಕು. ನನಗೆ ಭಯವಾಗುತ್ತಿದೆ. ಆದರೂ ಕರೆತರುತ್ತೇನೆ. ನೀವು ಬಾಗಿಲು ತೆಗೆಯುತ್ತೀರೋ ಇಲ್ಲವೋ, ಅಷ್ಟು ಬರೆಯಿರಿ.

ಮಾತು ತಪ್ಪಿದ,
ಉಮಾಶಂಕರ


ಚಾಟ್ಸ್‌ವರ್ತ್
24 ಮೇ 2023

ಉಮಾಶಂಕರ ಅವರಿಗೆ,

ಓದಿ ಹೇಳಿದರೆ ಅದೇ ಕೊನೆ ಎಂದಿದ್ದೆ. ಆ ಮಾತಿನ ಮೇಲೆ ನಿಂತರೆ ನೀವು ದಾರಿ ತಿಳಿಯದೆ ಬಂದು ಅವಳ ಬೆನ್ನು ಪೂರಾ ಮುರಿಯುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ವಾರದ ನಡುವಿನ ದಿನ ಹೊರಡಿ, ಬೆಳಗಿನ ಆಫೀಸಿನ ಗದ್ದಲ ಕರಗಿದ ಮೇಲೆ. ಎಡಗಡೆಯ ಲೇನುಗಳಿಗೆ ಹೋಗಲೇಬೇಡಿ. ಬಲಗಡೆಯಿಂದ ಎರಡನೆಯದರಲ್ಲಿ ಲಾರಿಯ ಹಿಂದೆ ದೂರದಲ್ಲಿ ಇರಿ. ಲಾರಿಯವರು ಸುಮ್ಮಸುಮ್ಮನೆ ಬ್ರೇಕ್ ಹಾಕುವುದಿಲ್ಲ. ನಡುವೆ ಯಾರಾದರೂ ನುಗ್ಗಿದರೆ ನುಗ್ಗಲಿ, ನಿಮ್ಮ ಗಂಟೇನು ಹೋಗುವುದಿಲ್ಲ. ಮುಂದಿನ ಕಾರು ನೋಡಬೇಡಿ, ಅದರ ಮುಂದಿನ, ಅದರ ಮುಂದಿನ ಕಾರಿನ ಕೆಂಪು ದೀಪ ನೋಡಿ. ನಾನೂರಾ ಐದು ನಂಬರಿನ ಫ್ರೀವೇಯಲ್ಲಿ ಗುಡ್ಡ ಹತ್ತಿ ಇಳಿಯುವ ಕಡೆ ಎಲ್ಲರೂ ಗಾಬರಿಯಾಗುತ್ತಾರೆ, ನೀವು ಆಗಬೇಡಿ. ಅವಳ ಸೊಂಟದ ಹಿಂದೆ ಟವೆಲ್ ಸುತ್ತಿ ಇಡಿ.

ಹೆದರಿಕೆ ಆಗಿತ್ತಂತೆ. ಹೆದರಿದವಳು ನನ್ನ ಹತ್ತಿರ ಬರಬೇಕಾಗಿತ್ತು. ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತಿತ್ತು?

ಬರುವುದಾದರೆ ಬರಲಿ. ಬಾಗಿಲಿಗೆ ಚಿಲಕ ಹಾಕಿರುವುದಿಲ್ಲ. ಆದರೆ ನಾನು ಹೊರಗೆ ಬಂದು ಕರೆಯುವುದಿಲ್ಲ. ಅವಳೇ ನಡೆದು ಬಂದು ನನ್ನ ಹೊಸ್ತಿಲು ದಾಟಬೇಕು. ನನ್ನನ್ನು ಅವಳ ಹೊಸ್ತಿಲಿನಿಂದ ದೂರ ಇಟ್ಟವಳು ಅಷ್ಟಾದರೂ ಮಾಡಲಿ. ಇದನ್ನು ಬೇಕಾದರೆ ಓದಿ ಹೇಳಿ.

ಬರುವ ದಿನ ಮೊದಲೇ ತಿಳಿಸಿ.

ಸಾವಿತ್ರವ್ವ


ಚಾಟ್ಸ್‌ವರ್ತ್
18 ಜೂನ್ 2023

ಉಮಾಶಂಕರ ಅವರಿಗೆ,

ಗುರುವಾರ ಎಂದು ಬರೆದಿದ್ದಿರಿ. ಗುರುವಾರ ಬಂದಿರಿ.

ಅವತ್ತು ಬೆಳಿಗ್ಗೆ ಎದ್ದು ರವೆ ಗಂಜಿ ಮಾಡಿದೆ, ಬಾಯಿಗೆ ಮೆತ್ತಗಿರಲಿ ಎಂದು. ಕುರ್ಚಿಗೆ ದಿಂಬು ಕಟ್ಟಿದೆ. ಕಿಟಕಿಯ ಪರದೆಯ ಹಿಂದೆ ನಿಂತೆ. ಕಾರು ಬಂದು ನಿಂತಿತು. ನಿಂತ ರೀತಿ ನೋಡಿ ಖುಷಿಯಾಯಿತು, ಇದ್ದದ್ದನ್ನು ಹೇಳುತ್ತೇನೆ, ಒಂದು ಚೂರೂ ಜಗ್ಗಲಿಲ್ಲ. ಅವಳ ಕಡೆಯ ಬಾಗಿಲು ತೆರೆಯಿತು. ನನ್ನ ಕಣ್ಣಿಗೆ ಮುಖ ಕಾಣುವುದಿಲ್ಲ, ಕಾಲು ಕಂಡಿತು. ಒಂದು ಕಾಲನ್ನು ಹೊರಗೆ ಚಾಚಿ ನೆಲದ ಮೇಲೆ ಇಟ್ಟಳು. ಈಗ ಬಂದಳು, ಈಗ ಬಂದಳು ಎಂದುಕೊಳ್ಳುತ್ತಾ ಪರದೆ ಹಿಡಿದುಕೊಂಡೆ. ಆ ಕಾಲು ಹಾಗೇ ಇತ್ತು. ಆಮೇಲೆ ಒಳಗೆ ಹೋಯಿತು. ಬಾಗಿಲು ಮುಚ್ಚಿತು. ಬಹಳ ಹೊತ್ತು ಕಾರು ಅಲ್ಲೇ ನಿಂತಿತ್ತು, ಆಮೇಲೆ ಹೋಯಿತು.

ಅಷ್ಟು ದೂರ ಬಂದವಳಿಗೆ ನನ್ನ ಹೊಸ್ತಿಲು ತುಳಿಯಲು ಮನಸ್ಸು ಬರಲಿಲ್ಲ. ಸಾವಿನ ಮನೆ, ಅದಕ್ಕೋ? ಮತ್ತೆ ಹೆದರಿಕೆಯೋ? ಬಾಗಿಲ ತನಕ ಬಂದು ಹೀಗೆ ಹೋಗುವುದಕ್ಕಿಂತ ಬರದೇ ಇದ್ದಿದ್ದರೆ ಚೆನ್ನಾಗಿತ್ತು. ಒಂದು ಸಲ ಅವಮಾನ ಮಾಡಿದ್ದು ಸಾಲದೇ? ನೀವಾದರೂ ಇಳಿದು ಬಂದು ಏನು ಎಂದು ಹೇಳಬಹುದಿತ್ತು. ನಿಮಗೂ ಬಾಯಿ ಇರಲಿಲ್ಲವೇ?

ಇನ್ನು ಬರೆಯಬೇಡಿ. ಬ್ರೇಕ್ ಹಾಕಲು ಕಲಿತಿರಿ. ನನ್ನ ಕೆಲಸ ಮುಗಿಯಿತು.

ಸಾವಿತ್ರವ್ವ


ಸ್ಯಾನ್ ಡಿಯಾಗೋ
2 ಜುಲೈ 2023

ಸಾವಿತ್ರವ್ವನವರಿಗೆ,

ಬರೆಯಬೇಡಿ ಎಂದಿರಿ. ಇದೊಂದನ್ನು ಓದಿ, ಆಮೇಲೆ ನಿಮ್ಮಿಷ್ಟ.

ಅವತ್ತು ಅವಳು ಎಷ್ಟು ಖುಷಿಯಾಗಿದ್ದಳು ಎಂದು ನಿಮಗೆ ಹೇಗೆ ಹೇಳಲಿ. ದಾರಿಯುದ್ದಕ್ಕೂ ನಿಮ್ಮ ಸುದ್ದಿ. ಲಾರಿಯ ಹಿಂದೆ ಹೋಗುವಾಗ, ಇದು ಸಾವಿತ್ರಿ ಲಾರಿ, ಬಿಡಬೇಡಿ ಎಂದಳು. ಗುಡ್ಡದ ಇಳಿಜಾರಿನಲ್ಲಿ ನಿದ್ದೆ ಮಾಡಿದಳು, ನಾನು ಬ್ರೇಕ್ ಹಾಕುತ್ತಿದ್ದರೂ ರಾಜಿ ನಿದ್ದೆ ಮಾಡಿದಳು. ನಿಮ್ಮ ಬೀದಿಗೆ ತಿರುಗುವ ಮುಂಚೆ ಕಾರು ನಿಲ್ಲಿಸಲು ಹೇಳಿ, ಸೂರ್ಯನಿಗೆ ಅಡ್ಡ ಇಳಿಸುವ ಹಲಗೆಯ ಕನ್ನಡಿಯಲ್ಲಿ ನೋಡಿಕೊಂಡು ತಲೆ ಬಾಚಿಕೊಂಡಳು. ಇರುವ ನಾಲ್ಕು ಕೂದಲು.

ಮನೆಯ ಮುಂದೆ ಒಂದು ಕಾಲು ಕೆಳಗಿಟ್ಟಳು. ಇನ್ನೊಂದನ್ನು ಎತ್ತಲು ಆಗಲಿಲ್ಲ. ಸೊಂಟದಿಂದ ಕೆಳಗೆ ಕಾಲು ಅವಳ ಮಾತು ಕೇಳಲಿಲ್ಲ. ಮನೆಯಿಂದ ಹೊರಡುವಾಗ ನನ್ನ ಭುಜ ಹಿಡಿದು ನಡೆದವಳು, ಅಲ್ಲಿ ಆಗಲಿಲ್ಲ. ಕೈಯಿಂದ ತೊಡೆ ಎತ್ತಿ ನೋಡಿದಳು. ಮತ್ತೆ ಮತ್ತೆ ನೋಡಿದಳು. ನಾನು ಎತ್ತಿಕೊಳ್ಳುತ್ತೇನೆ ಎಂದೆ, ಮುಟ್ಟಿದರೆ ಹಲ್ಲು ಕಚ್ಚಿ ನರಳಿದಳು. ನಿಮ್ಮನ್ನು ಕರೆಯುತ್ತೇನೆ ಎಂದು ಇಳಿಯಲು ಹೋದರೆ ನನ್ನ ಮಣಿಕಟ್ಟು ಹಿಡಿದಳು. ಆ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ.

“ಅವಳನ್ನ ಕರೀಬೇಡಿ. ನಾನೇ ನಡ್ಕೊಂಡು ಬರ್ಬೇಕು ಅಂದಿದಾಳೆ. ಅದು ಸರಿ. ಅದು ನನ್ನಿಂದ ಆಗ್ಲಿಲ್ಲ ಅಂದ್ರೆ ಹೋಗೋಣ.”

ಆಣೆ ಹಾಕಿಸಿಕೊಂಡಳು. ಕಾರಿನಲ್ಲಿ ಅವಳು ಹೇಳಿದ್ದನ್ನು ಕೇಳುವುದೇ ನನಗೆ ಅಭ್ಯಾಸ. ಅವತ್ತು ಕೇಳಬಾರದಿತ್ತು. ನಾನು ಕಾರು ತಿರುಗಿಸುವಾಗ ನಿಮ್ಮ ಕಿಟಕಿಯ ಪರದೆ ಅಲುಗಿತು. ನಿಂತಿದಾಳೆ ಕಣ್ರೀ, ನನಗೋಸ್ಕರ ನಿಂತಿದಾಳೆ ಎಂದಳು. ಮನೆ ಸೇರುವ ತನಕ ಅದನ್ನೇ ಹೇಳಿದಳು.

ಅವಳ ಕಾಲುಗಳಿಗೆ ಆಮೇಲೆ ಜೀವ ಬರಲಿಲ್ಲ. ಮುಂದಿನ ಕೋಣೆಯಲ್ಲಿ ಮಂಚ ಹಾಕಿದ್ದೇವೆ. ಕೊನೆಯ ದಿನಗಳನ್ನು ನೋಡಿಕೊಳ್ಳುವ ನರ್ಸು ಬಂದು ಹೋಗುತ್ತಾಳೆ. ನಿಮ್ಮ ಆ ಕಾಗದವನ್ನು ಅವಳಿಗೆ ಓದಲಿಲ್ಲ. ಸಾವಿತ್ರಿ ಏನು ಬರೆದಿದಾಳೆ ಎಂದು ಕೇಳಿದಳು. ಊಟ ಸೇರುತ್ತದೋ ಇಲ್ಲವೋ ಎಂದು ಕೇಳಿದ್ದಾರೆ ಎಂದೆ.

ಅವಳು ಇನ್ನು ಆ ಕಾರಿನಲ್ಲಿ ಕೂರುವುದಿಲ್ಲ. ನಾನು ಬಂದು ನಿಮ್ಮನ್ನು ಕರೆತರಲೇ? ಫೋನ್ ಮಾಡಿ ಒಂದು ಮಾತು ಹೇಳಿ, ಸಾಕು. ಅವಳಿಗೆ ಈಗಲೂ ಕಿವಿ ಚೆನ್ನಾಗಿ ಕೇಳುತ್ತದೆ.

ಉಮಾಶಂಕರ


ಚಾಟ್ಸ್‌ವರ್ತ್
20 ಆಗಸ್ಟ್ 2023

ಉಮಾಶಂಕರ ಅವರಿಗೆ,

ಇಷ್ಟು ದಿನ ಪೆನ್ನು ಹಿಡಿಯಲು ಆಗಲಿಲ್ಲ. ಕಾಗದ ಮುಂದೆ ಇಟ್ಟುಕೊಂಡು ಕೂರುತ್ತಿದ್ದೆ, ಹಾಗೇ ಎತ್ತಿಡುತ್ತಿದ್ದೆ.

ನಿಮ್ಮ ಕಾಗದ ಕೈಗೆ ಬಂದಾಗ ಭೂತಗನ್ನಡಿ ಹಿಡಿದು ಅಂಗಳದಲ್ಲಿ ನಿಂತೇ ಓದಿದೆ. ಓದಿ ಮುಗಿಸಿ ಒಳಗೆ ಓಡಿ ಫೋನ್ ಮಾಡಿದೆ. ನೀವು ಎತ್ತಿದಿರಿ. ರಾಜಿಗೆ ಕೊಡ್ರಿ ಅಂದೆ. ಹಿಂದೆ ಯಾರೋ ಹೆಂಗಸರು ಮಾತಾಡುವುದು ಕೇಳಿಸಿತು. ಬೆಳಗ್ಗೆ ಹೋದಳು ಎಂದು ನೀವು ಹೇಳುವ ಮುಂಚೆಯೇ ನನಗೆ ತಿಳಿಯಿತು.

ಓಂಪ್ರಕಾಶನ ಜೊತೆ ಬರುತ್ತೇನೆ ಎಂದರೂ ಕೇಳದೆ, ಮನೆ ತುಂಬ ಜನ ಬಿಟ್ಟು, ಮಾರನೆಯ ದಿನ ನೀವೇ ಬಂದಿರಿ. ನನ್ನನ್ನು ಅವಳ ಸೀಟಿನಲ್ಲಿ ಕೂರಿಸಿದಿರಿ. ಅವಳ ಸೊಂಟಕ್ಕೆ ಇಟ್ಟಿದ್ದ ಟವೆಲ್ಲು ಸುತ್ತಿದ ಹಾಗೇ ಅಲ್ಲಿತ್ತು. ದಾರಿಯುದ್ದಕ್ಕೂ, ಒಂದು ಸಲವಾದರೂ ಬ್ರೇಕು ಜಗ್ಗಲಿ, ಬೈಯುತ್ತೇನೆ, ಬೈದರೆ ಅಳು ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ನೀವು ಒಂದು ಸಲವೂ ಜಗ್ಗಿಸಲಿಲ್ಲ. ಅಷ್ಟು ಚೆನ್ನಾಗಿ ಕಲಿಸಬಾರದಿತ್ತು ಅನ್ನಿಸಿತು.

ಅವಳನ್ನು ಮಲಗಿಸಿದ್ದ ಕೋಣೆಯಲ್ಲಿ ಹೆಂಗಸರೆಲ್ಲ ಅರಿಶಿನ, ಕುಂಕುಮ, ಹಸಿರು ಬಳೆ ಹಿಡಿದು ನಿಂತಿದ್ದರು. ನಾನು ರೂಢಿಯಂತೆ ಗೋಡೆಯ ಕಡೆ ಸರಿದೆ. ನೀವು ಎಲ್ಲರ ಎದುರು, ಕುಂಕುಮ ಸಾವಿತ್ರವ್ವನವರು ಇಡ್ತಾರೆ ಎಂದಿರಿ. ರಾಜಿ ಹಾಗೆ ಹೇಳಿದ್ದಳೇ ಎಂದು ಯಾರೋ ಕೇಳಿದರು. ಅವಳು ಹೇಳಿಲ್ಲ, ನಾನು ಹೇಳ್ತಿದೀನಿ ಎಂದಿರಿ. ನಿಮಗೆ ಬಾಯಿ ಇಲ್ಲವೇ ಎಂದು ಬರೆದಿದ್ದವಳು ನಾನು. ಕುಮುದಾ ತಟ್ಟೆ ತಂದು ನನ್ನ ಕೈಗೆ ಕೊಟ್ಟಳು.

ರಾಜಿಯ ಹಣೆ ತಣ್ಣಗಿತ್ತು. ಮೊದಲು ವಿಭೂತಿ ಹಚ್ಚಿದೆ, ಅದರ ಮೇಲೆ ಕುಂಕುಮ ಇಟ್ಟೆ. ನನ್ನ ಕಣ್ಣಿಗೆ ಅವಳ ಮುಖ ಸರಿಯಾಗಿ ಕಾಣಲಿಲ್ಲ, ಅದಕ್ಕೆ ಬೆರಳಿನಿಂದ ಮುಟ್ಟಿ ನೋಡಿದೆ. ಕೆನ್ನೆ ಎಲ್ಲ ಒಳಗೆ ಹೋಗಿತ್ತು. ಇಷ್ಟು ಇಳಿದಿದ್ದಾಳೆ ಎಂದು ನೀವು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಹಿಂದಿನಿಂದ ಯಾರೋ, ಪುಣ್ಯವಂತೆ, ಮುತ್ತೈದೆ ಸಾವು ಎಂದರು. ನಾನು ತಿರುಗಿ ಹೇಳಿದ್ದು ನಿಮಗೂ ಕೇಳಿಸಿರಬೇಕು.

“ಪುಣ್ಯ ಅಲ್ರಿ ಇದು. ಆಕಿಗೆ ಇನ್ನೂ ಬದುಕಬೇಕಾಗಿತ್ತು.”

ಉಮಾಶಂಕರ, ನನ್ನ ಬಾಗಿಲಿನಿಂದ ರಸ್ತೆಗೆ ಎಷ್ಟು ದೂರ? ಒಂದು ತುಂಡು ಹುಲ್ಲು, ಒಂದು ಕಾಲುದಾರಿ. ಆ ಬೆನ್ನು ಇಟ್ಟುಕೊಂಡು ಅವಳು ಸ್ಯಾನ್ ಡಿಯಾಗೋದಿಂದ ಬಂದಳು. ನಾನು ಆ ಹುಲ್ಲು ದಾಟಲಿಲ್ಲ. ಪರದೆ ಹಿಡಿದು ನಿಂತು, ಅವಳೇ ಬರಲಿ, ಅವಳೇ ಬರಲಿ ಎಂದುಕೊಳ್ಳುತ್ತಿದ್ದೆ. ಈಗ ದಿನಾ ಬೆಳಿಗ್ಗೆ ಎದ್ದು ಅಲ್ಲಿಯ ತನಕ ನಡೆದು ಬರುತ್ತೇನೆ. ಏನೂ ದೂರ ಇಲ್ಲ. ಮೊಣಕಾಲು ನೋವಿನ ದಿನವೂ ಆಗುತ್ತದೆ. ಓಂಪ್ರಕಾಶ ಯಾಕವ್ವಾ ಎಂದು ಕೇಳುತ್ತಾನೆ.

ಭಾನುವಾರ ಈ ಕಡೆ ಬರಲೇ ಎಂದು ಮೊನ್ನೆ ಫೋನಿನಲ್ಲಿ ಕೇಳಿದಿರಿ, ನಾನು ಆಗ ಉತ್ತರ ಕೊಡಲಿಲ್ಲ. ಬನ್ನಿ. ಊಟಕ್ಕೆ ಇಲ್ಲೇ ಇರಿ. ಆದರೆ ಬಂದ ಮೇಲೆ ಕಾರಿನಿಂದ ಇಳಿಯಬೇಡಿ. ಒಂದು ಸಲ ಹಾರನ್ ಒತ್ತಿ ಅಲ್ಲೇ ಕೂತಿರಿ. ನಾನು ಹೊರಗೆ ಬರುತ್ತೇನೆ.

ನಿಮ್ಮ ರಾಜಿಯ,
ಸಾವಿತ್ರಿ